ಮಿದುಳಿನ ಚಿತ್ರವೂ ಮರೆವಿನ ಅಳತೆಯೂ

1906ರಲ್ಲಿ ಆಲೋಯಿಸ್ ಆಲ್ಝೈಮರ್ ಎಂಬ ಜರ್ಮನ್ ವೈದ್ಯರು ಮೃತ ರೋಗಿಯೊಬ್ಬಳ ಮಿದುಳಿನ ತೆಳುಪದರಗಳಿಗೆ ಬೆಳ್ಳಿಯ ಲವಣವನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ಕಂಡ ಕಲೆಗಳನ್ನು ಜೀವಂತ ಮನುಷ್ಯನ ತಲೆಯೊಳಗೇ ಕಾಣುವ ಸಾಮರ್ಥ್ಯವು ವೈದ್ಯಶಾಸ್ತ್ರಕ್ಕೆ ಒದಗಲು ಹತ್ತಿರ ಹತ್ತಿರ ಒಂದು ಶತಮಾನವೇ ಹಿಡಿಯಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅವರು ಥಯೋಫ್ಲೇವಿನ್ ಎಂಬ ವರ್ಣದ್ರವ್ಯದ ಅಣುವನ್ನು ಮಾರ್ಪಡಿಸಿ, ಅದಕ್ಕೆ ವಿಕಿರಣಶೀಲ ಇಂಗಾಲವನ್ನು ಜೋಡಿಸಿ ಸಿದ್ಧಗೊಳಿಸಿದ ಕುರುಹು ದ್ರವ್ಯವನ್ನು ಸ್ವೀಡನ್ನಿನ ಉಪ್ಸಾಲದಲ್ಲಿ 2002ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು, ಆ ವಿಕಿರಣವನ್ನು ಗ್ರಹಿಸುವ ಪೆಟ್ ಯಂತ್ರದಿಂದ ಪಡೆದ 16 ಮಂದಿ ಆಲ್ಝೈಮರ್ ರೋಗಿಗಳ ಹಾಗೂ 9 ಮಂದಿ ಆರೋಗ್ಯವಂತರ ಚಿತ್ರಗಳನ್ನು 2004ರಲ್ಲಿ ಪ್ರಕಟಿಸಲಾಯಿತು. ಆ ಕಲೆಗಳ ಮೂಲವಾದ ಅಮಿಲಾಯ್ಡ್ ಎಂಬ ಪ್ರೋಟೀನಿನ ಸಂಚಯವು ಉಜ್ಜ್ವಲ ವರ್ಣಗಳಲ್ಲಿ ಬೆಳಗಿ ಕಾಣುವ ಆ ಚಿತ್ರಗಳು ವಿಜ್ಞಾನದ ದೊಡ್ಡ ಸಾಧನೆಯೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಕಂಡದ್ದೆಲ್ಲವೂ ರೋಗವೇ ಎಂದು ಭಾವಿಸುವ ಆತುರವನ್ನು ನಾನು ಒಪ್ಪಲಾರೆ. ಅನೇಕ ಅಧ್ಯಯನಗಳನ್ನು ಕ್ರೋಡೀಕರಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಬುದ್ಧಿ ಸ್ವಸ್ಥವಾಗಿರುವವರಲ್ಲಿಯೂ 50ರ ವಯಸ್ಸಿನಲ್ಲಿ ನೂರಕ್ಕೆ ಸುಮಾರು 10 ಮಂದಿಯ, 90ರ ವಯಸ್ಸಿನಲ್ಲಿ ಸುಮಾರು 44 ಮಂದಿಯ ಮಿದುಳಿನಲ್ಲಿ ಈ ಸಂಚಯವಿರುತ್ತದೆ. ಮೊಮ್ಮಕ್ಕಳ ಹೆಸರುಗಳನ್ನು ತಪ್ಪದೆ ಕರೆಯುತ್ತ, ಮನೆಯ ಲೆಕ್ಕವನ್ನು ತಾವೇ ನೋಡಿಕೊಳ್ಳುತ್ತಿರುವ ವೃದ್ಧರೊಬ್ಬರ ಚಿತ್ರವೂ, ಮಗಳ ಗುರುತು ಹಿಡಿಯಲಾರದ ಇನ್ನೊಬ್ಬರ ಚಿತ್ರವೂ ಒಂದೇ ತೆರನಾಗಿ ತೋರಬಹುದಾದಲ್ಲಿ, ಮರೆವಿನ ಪ್ರಮಾಣವನ್ನು ಆ ಬಣ್ಣಗಳಿಂದ ಅಳೆಯುವುದು ಸಾಧುವಲ್ಲ. ನರಕೋಶಗಳೊಳಗೆ ಸಿಕ್ಕುಗಟ್ಟುವ ಟೌ ಪ್ರೋಟೀನಿನ ವ್ಯಾಪ್ತಿಯೂ, ಎಮ್‌ಆರ್‌ಐ ಚಿತ್ರದಲ್ಲಿ ಕಾಣುವ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದ ಕುಗ್ಗುವಿಕೆಯೂ ಬುದ್ಧಿಕ್ಷಯವನ್ನು ಇದಕ್ಕಿಂತ ನಿಕಟವಾಗಿ ಅನುಸರಿಸುತ್ತವೆ. ಅವೂ ಪೂರ್ಣವಾಗಿ ಅಲ್ಲ, ಏಕೆಂದರೆ ವಿದ್ಯೆ, ಉದ್ಯೋಗ ಮೊದಲಾದವುಗಳಿಂದ ಬೆಳೆದ ಬುದ್ಧಿಯ ಮೀಸಲು ಬಲವು ಸಮಾನವಾದ ಹಾನಿಯನ್ನು ಒಬ್ಬರಲ್ಲಿ ಬಹುಕಾಲ ಮರೆಮಾಡುತ್ತದೆ, ಮತ್ತೊಬ್ಬರಲ್ಲಿ ಬೇಗನೆ ಬಯಲಿಗೆಳೆಯುತ್ತದೆ.

ಹೀಗಿದ್ದರೂ 2018ರಲ್ಲಿ ಅಮೆರಿಕದ ತಜ್ಞರು ಸಂಶೋಧನೆಯ ಸಲುವಾಗಿ ಲಕ್ಷಣಗಳನ್ನು ಬದಿಗಿರಿಸಿ ಇಂತಹ ಜೈವಿಕ ಕುರುಹುಗಳಿಂದಲೇ ರೋಗವನ್ನು ನಿರ್ವಚಿಸಿದರು. 2024ರಲ್ಲಿ ಅದೇ ದೃಷ್ಟಿಯನ್ನು ಚಿಕಿತ್ಸಾಲಯಕ್ಕೂ ವಿಸ್ತರಿಸಲಾಯಿತು. ಅಂತರರಾಷ್ಟ್ರೀಯ ತಜ್ಞರ ಇನ್ನೊಂದು ಗುಂಪು ಇದನ್ನು ವಿರೋಧಿಸಿ, ಲಕ್ಷಣವಿಲ್ಲದವರನ್ನು ರೋಗಿಗಳೆನ್ನದೆ ಅಪಾಯದ ಸಂಭವವುಳ್ಳವರೆಂದು ಕರೆಯತಕ್ಕದ್ದೆಂದು ವಾದಿಸಿದೆ. ನನ್ನ ಒಲವು ಈ ಎರಡನೆಯ ಪಕ್ಷದ ಕಡೆಗೆ. ಎಂದಾದರೂ ಬರಬಹುದಾದ, ಬಾರದೆಯೂ ಇರಬಹುದಾದ ವ್ಯಾಧಿಯ ಹೆಸರನ್ನು ಸ್ವಸ್ಥನೊಬ್ಬನ ಮೇಲೆ ಹೊರಿಸಿದರೆ ಅವನೂ ಅವನ ಮನೆಯವರೂ ಅನುಭವಿಸುವ ಸಂಕಟ ಅಲ್ಪವಾದುದಲ್ಲ.

ಆದರೂ ಅಮಿಲಾಯ್ಡನ್ನು ತೆಗೆದುಹಾಕುವ ಲೆಕಾನೆಮಾಬಿನಂತಹ ಔಷಧವನ್ನು ಕೊಡುವ ಮೊದಲು ಅಮಿಲಾಯ್ಡ್ ಇದೆಯೆಂದು ಖಚಿತಪಡಿಸಿಕೊಳ್ಳಲೇಬೇಕಾದುದರಿಂದ ಅಲ್ಲಿ ಈ ಚಿತ್ರಣದ ಉಪಯೋಗ ನಿರ್ವಿವಾದ. ಮರೆವಿನ ತೊಂದರೆಯೇ ಇಲ್ಲದವರು ಮಾತ್ರ ಕೇವಲ ಕುತೂಹಲದಿಂದಲೋ ಭಯದಿಂದಲೋ ಈ ಪರೀಕ್ಷೆಗೆ ಒಳಗಾಗಬಾರದೆಂದು ನನ್ನ ಬಿನ್ನಹ.