500 ಮೈಲಿಯ ಈಮೇಲ್ ಮತ್ತು ನಮ್ಮ ಅಕೌಂಟ್ಸ್ ಮೇಡಂ

ಸಿಸ್ಟಂ ಅಡ್ಮಿನ್‌ಗಳ ನಡುವೆ ಬಾಯಿಂದ ಬಾಯಿಗೆ ಓಡಾಡುವ ಒಂದು ಕತೆ ಇದೆ. ನೀವು ಐಟಿಯಲ್ಲಿದ್ದರೆ ಟೀ ಬ್ರೇಕಿನಲ್ಲಿ ಯಾರಾದರೂ ಹೇಳಿಯೇ ಇರ್ತಾರೆ. ಟ್ರೇ ಹ್ಯಾರಿಸ್ ಎಂಬುವರು 2002ರಲ್ಲಿ ಬರೆದ ‘500 ಮೈಲಿಯ ಈಮೇಲ್’ ಪ್ರಸಂಗ. ನಾನಿದನ್ನು ಹತ್ತಾರು ಸಲ ಓದಿ ನಕ್ಕಿದ್ದೇನೆ, ಟೀಮಿಗೆ ಹೊಸದಾಗಿ ಬಂದವರಿಗೆಲ್ಲ ಓದಿಸಿದ್ದೇನೆ. ಈಚೆಗೆ ಮತ್ತೆ ಓದಿದಾಗ ಮಾತ್ರ ಮೊದಲಿನ ಹಾಗೆ ನಗು ಬರಲಿಲ್ಲ.

ಗೊತ್ತಿಲ್ಲದವರಿಗೆ ಕತೆ ಚುಟುಕಾಗಿ. ಹ್ಯಾರಿಸ್ ಅಮೆರಿಕದ ನಾರ್ತ್ ಕೆರೊಲಿನಾದ ವಿಶ್ವವಿದ್ಯಾಲಯದಲ್ಲಿ ಈಮೇಲ್ ನೋಡಿಕೊಳ್ಳುತ್ತಿದ್ದ ಕಾಲ. ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು ಫೋನ್ ಮಾಡಿ, ನಮ್ಮಲ್ಲಿಂದ 500 ಮೈಲಿಗಿಂತ ದೂರಕ್ಕೆ ಮೇಲ್ ಹೋಗ್ತಿಲ್ಲ ಅಂತಾರೆ. ಈಮೇಲಿಗೆ ಎಲ್ಲಿಯ ಮೈಲಿ? ಕೇಳಿದವನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರುತ್ತದೆ. ಆದರೆ ಪರೀಕ್ಷೆ ಮಾಡಿದರೆ ಮಾತು ನಿಜ! ನ್ಯೂಯಾರ್ಕಿಗೆ ಹೋಗುತ್ತೆ, ಪ್ರಾವಿಡೆನ್ಸಿಗೆ ಹೋಗಲ್ಲ. ಕೊನೆಗೆ ತಿಳಿಯುವುದಿಷ್ಟು: ಹೊರಗಿನಿಂದ ಬಂದ ಕನ್ಸಲ್ಟೆಂಟ್ ಒಬ್ಬ ಸರ್ವರ್ ಅಪ್‌ಗ್ರೇಡ್ ಮಾಡಿದ್ದ. ಆ ಭರದಲ್ಲಿ ಮೇಲ್ ಕಳಿಸುವ ಸೆಂಡ್‌ಮೇಲ್ ಮಾತ್ರ ಹಳೆಯ ಆವೃತ್ತಿಗೆ ಇಳಿದಿತ್ತು. ಹೊಸ ಕಾನ್ಫಿಗ್ ಫೈಲು ಅದಕ್ಕೆ ಅರ್ಥವಾಗದೆ, ಕನೆಕ್ಷನ್‌ಗಾಗಿ ಕಾಯುವ ಸಮಯ ಸೊನ್ನೆಯಾಗಿತ್ತು. ಸೊನ್ನೆ ಅಂದರೆ ಆ ಯಂತ್ರದಲ್ಲಿ ಸುಮಾರು 3 ಮಿಲಿಸೆಕೆಂಡು. ಅಷ್ಟರಲ್ಲಿ ಬೆಳಕು ಸಾಗುವ ದೂರ 558 ಮೈಲಿ.

ಬರವಣಿಗೆಯಾಗಿ ಇದು ಚೆನ್ನಾಗಿದೆ. ಒಂದೊಂದು ಊರಿಗೆ ಮೇಲ್ ಕಳಿಸುತ್ತಾ ಅನುಮಾನವನ್ನು ಹಂತಹಂತವಾಗಿ ಕಿರಿದು ಮಾಡುವ ಕ್ರಮ, ಟ್ರಬಲ್‌ಶೂಟಿಂಗಿನ ಯಾವ ಕೈಪಿಡಿಗಿಂತಲೂ ಚೆನ್ನಾಗಿ ಪಾಠ ಹೇಳುತ್ತದೆ. ಲೆಕ್ಕ ಮಾತ್ರ ಅಷ್ಟು ಗಟ್ಟಿಯಿಲ್ಲ. ಕನೆಕ್ಷನ್ ಆಗಬೇಕಾದರೆ ಸಿಗ್ನಲ್ ಹೋಗಿ ವಾಪಸ್ ಬರಬೇಕು. ಫೈಬರ್ ಒಳಗೆ ಬೆಳಕಿನ ವೇಗವೂ ಸುಮಾರು ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ 3 ಮಿಲಿಸೆಕೆಂಡಿಗೆ 200 ಮೈಲಿಯೂ ದಕ್ಕುವುದಿಲ್ಲ. ಕತೆ ರಂಜಕವಾಗಲಿ ಅಂತ ಸ್ವಲ್ಪ ತಿದ್ದಿದ್ದೇನೆ ಎಂದು ಹ್ಯಾರಿಸ್ ಅವರೇ ಒಪ್ಪಿಕೊಂಡಿದ್ದಾರೆ, ಹಾಗಾಗಿ ಅದನ್ನು ದೊಡ್ಡದು ಮಾಡಲ್ಲ.

ನನ್ನ ತಕರಾರು ಬೇರೆ. ಅದನ್ನು ಹೇಳೋಕೆ ಬೆಂಗಳೂರಿನ ನಮ್ಮ ಆಫೀಸಿಗೆ ಬರಬೇಕು.

ನಮ್ಮಲ್ಲಿ ಅಕೌಂಟ್ಸ್ ಮೇಡಂ ಒಬ್ಬರಿದ್ದಾರೆ. ಊಟ ಮುಗಿಸಿ ಬಂದು ಎಂಟ್ರಿ ಸೇವ್ ಮಾಡಿದರೆ ಸರ್ವರ್ ಕನೆಕ್ಷನ್ ಹೋಯ್ತು ಅಂತ ಬರ್ತಿತ್ತು, ಅರ್ಧ ತುಂಬಿಸಿದ ವೋಚರ್ ಮಾಯ. ನಾನು ಹೋಗಿ ಪಿಂಗ್ ಹಾಕಿ ನೋಡಿದೆ, ಒಂದು ಪ್ಯಾಕೆಟ್ಟೂ ಕಳೆದಿಲ್ಲ. ಕೇಬಲ್ ಬದಲಿಸಿದೆ. ಸ್ವಿಚ್‌ನಲ್ಲಿ ಪೋರ್ಟ್ ಬದಲಿಸಿದೆ. ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಸರಿಹೋಗುತ್ತಿತ್ತು, ಹಾಗಾಗಿ ಟಿಕೆಟ್ ಮುಚ್ಚಿದೆ. ಹೀಗೆ ಮೂರು ಸಲ. ಮೂರನೇ ಸಲ ಕಾರಣದ ಜಾಗದಲ್ಲಿ ‘ಬಳಕೆದಾರರ ತಪ್ಪು’ ಅಂತ ಬರೆದೆ.

ಅವರು ಹೇಳಿದ್ದು ಇಷ್ಟೇ: “ನಾನು ಸೀಟಲ್ಲಿದ್ರೆ ಏನೂ ಆಗಲ್ಲ ಸರ್, ಅರ್ಧ ಗಂಟೆ ಎದ್ದು ಹೋದ್ರೆ ಮಾತ್ರ ಹೀಗಾಗುತ್ತೆ.” ಡೈರಿಯಲ್ಲಿ ತಾರೀಕು, ಟೈಮು ಎಲ್ಲ ಗುರುತು ಹಾಕಿಟ್ಟಿದ್ದರು. ಡೆಸ್ಕಿನಲ್ಲೇ ಡಬ್ಬಿ ಬಿಚ್ಚಿ ಕೆಲಸ ಮಾಡುತ್ತಾ ಊಟ ಮಾಡಿದ ದಿನ ತೊಂದರೆಯಿಲ್ಲ ಅನ್ನೋದೂ ಅದರಲ್ಲಿತ್ತು. ನೀವು ಎದ್ದು ಹೋಗಿದ್ದು ಸರ್ವರಿಗೆ ಹೇಗೆ ಗೊತ್ತಾಗುತ್ತೆ ಮೇಡಂ ಅಂತ ನಾನು ನಕ್ಕೆ.

ಗೊತ್ತಾಗುತ್ತಿತ್ತು. ಆ ತೊಂದರೆ ಶುರುವಾಗುವ ಮೊದಲು ನಾವು ಹೊಸ ಫೈರ್‌ವಾಲ್ ಹಾಕಿದ್ದೆವು. 30 ನಿಮಿಷ ಮಾತುಕತೆ ಇಲ್ಲದ ಕನೆಕ್ಷನ್ನನ್ನು ಅದು ತನ್ನ ಪಟ್ಟಿಯಿಂದ ತೆಗೆದುಹಾಕುತ್ತೆ, ಈ ಕಡೆಗೂ ಹೇಳಲ್ಲ, ಆ ಕಡೆಗೂ ಹೇಳಲ್ಲ. ಇನ್ನೂ ಇದ್ದೀಯಾ ಅಂತ ವಿಚಾರಿಸುವ ಕೀಪ್‌ಅಲೈವ್ ಸಂದೇಶ ಲಿನಕ್ಸಿನಲ್ಲಿ ತಾನಾಗಿ ಹೊರಡುವುದು 7200 ಸೆಕೆಂಡಿಗೆ, ಅಂದರೆ ಎರಡು ಗಂಟೆಗೆ. ಅಷ್ಟರಲ್ಲಿ ಕತೆ ಮುಗಿದಿರುತ್ತೆ. ನನ್ನ ಪಿಂಗಿಗೆ ಇದು ಯಾವತ್ತೂ ಸಿಗುತ್ತಿರಲಿಲ್ಲ, ಅದು ಸೆಕೆಂಡಿಗೊಂದು ಸಲ ಹೊಸದಾಗಿ ಮಾತಾಡಿಸ್ತಾನೇ ಇರುತ್ತೆ. ಕೊನೆಗೆ ವೈರ್‌ಶಾರ್ಕ್ ಎರಡೂ ಕಡೆ ಹಾಕಿ ಕೂತೆ. ಮೇಡಂ ಕಂಪ್ಯೂಟರಿನಿಂದ ಅದೇ ಪ್ಯಾಕೆಟ್ ಮತ್ತೆ ಮತ್ತೆ ಹೊರಡುತ್ತಿದೆ, ಸರ್ವರಿಗೆ ಒಂದೂ ತಲುಪುತ್ತಿಲ್ಲ. ಕೀಪ್‌ಅಲೈವ್ 600 ಸೆಕೆಂಡಿಗೆ ಇಳಿಸಿದೆ, ತೊಂದರೆ ನಿಂತಿತು.

ಅವತ್ತು ರಾತ್ರಿ ಹ್ಯಾರಿಸ್ ಕತೆ ಮತ್ತೆ ಓದಿದೆ. ಆ ಮುಖ್ಯಸ್ಥರು ತಕ್ಷಣ ಫೋನ್ ಮಾಡಿದವರಲ್ಲ; ಕೆಲವು ದಿನ ಮಾಹಿತಿ ಕೂಡಿಹಾಕಿ, ನಕ್ಷೆಯ ಮೇಲೆ ವೃತ್ತವೇ ಎಳೆಸಿದ್ದರು. ರೋಗ ಪತ್ತೆಯಾದದ್ದು ಅಲ್ಲೇ, ಅಡ್ಮಿನ್ ಮಾಡಿದ್ದು ಕಾರಣ ಹುಡುಕಿದ್ದು ಮಾತ್ರ. ಕತೆಯ ಕೊನೆಯ ಸಾಲಿನಲ್ಲಿ ಅವರ ಮಾತೇ ಮರಳಿ ಬರುತ್ತದೆ, ಅದು ಒಂದು ಬಗೆಯ ಗೌರವ ಹೌದು. ಆದರೆ ನೀವು ಹೇಳಿದ್ದೇ ಸರಿ ಸಾರ್ ಅಂತ ಅವರಿಗೆ ಯಾರೂ ವಾಪಸ್ ಫೋನ್ ಮಾಡುವುದಿಲ್ಲ. ಬೆಳಕಿನ ವೇಗ ಕಂಡುಹಿಡಿದ ಖುಷಿಯಲ್ಲಿ ಕತೆ ಮುಗಿದುಹೋಗುತ್ತೆ, ನಮ್ಮ ನಗುವೂ ಅಲ್ಲಿಗೇ ನಿಲ್ಲುತ್ತೆ. ಇಷ್ಟು ವರ್ಷ ಇದನ್ನು ಓದಿಸಿದ ನಾನೇ ಆ ಡೈರಿ ಬಿಚ್ಚಿ ನೋಡಲಿಲ್ಲವಲ್ಲ!

ಮರುದಿನ ಮೇಡಂ ಹತ್ತಿರ ಹೋಗಿ, ತಪ್ಪು ನಮ್ಮದೇ ಅಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. “ಹಾಗಾದ್ರೆ ಮಾರ್ಚ್ ಕ್ಲೋಸಿಂಗ್ ಲೇಟಾಯ್ತು ಅಂತ ನಂಗೆ ಮೆಮೋ ಬಂತಲ್ಲ ಸರ್, ಅದು?” ಅಂದರು.

ಹಳೆಯ ಮೂರು ಟಿಕೆಟ್ಟುಗಳನ್ನು ಮತ್ತೆ ತೆರೆದು ಕಾರಣ ತಿದ್ದಿದೆ, ಅವರ ಮ್ಯಾನೇಜರಿಗೆ ಮೇಲ್ ಹಾಕಿದೆ. ಮೆಮೋ ವಾಪಸ್ ಆಗುತ್ತೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ. ಟೀಮಿಗೆ ಹೊಸಬರು ಬಂದರೆ ಈಗಲೂ 500 ಮೈಲಿಯ ಕತೆ ಓದಿಸುತ್ತೇನೆ. ಓದಿ ಮುಗಿಸಿ ನಕ್ಕ ಮೇಲೆ ಒಂದೇ ಪ್ರಶ್ನೆ ಕೇಳ್ತೀನಿ: ಆ ಮೇಷ್ಟ್ರಿಗೆ ಆಮೇಲೆ ಯಾರು ಫೋನ್ ಮಾಡಿದ್ರು?