ಬಣ್ಣ ಹಾಕದ ನೇಯ್ಗೆಯನ್ನು ನೋಡುವ ಬಗೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ವಸ್ತ್ರಕಲೆ ಎಂದೊಡನೆ ನೆನಪಾಗುವುದು ಸಿದ್ದಿ ಮಹಿಳೆಯರ ಕೌದಿ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಜೋಡಿಸಿ, ಮೂಲೆಗಳಲ್ಲಿ ‘ಫುಲಾ’ ಎಂಬ ತ್ರಿಕೋನಗಳನ್ನಿಟ್ಟು ಹೊಲಿಯುವ ಈ ಹೊದಿಕೆ ತನ್ನ ಬಣ್ಣಗಳಿಂದ ದೂರದಲ್ಲೇ ಕಣ್ಸೆಳೆಯುತ್ತದೆ. ಕರಿ ಕಂಬಳಿ, ಮಾಸಲು ಉಣ್ಣೆಯ ನೆಲಹಾಸು, ಬಿಳಿ ಕ್ರೋಶಾ ಹೆಣಿಗೆಗಳಿಗೆ ಆ ಅನುಕೂಲವಿಲ್ಲ. ಅವುಗಳಲ್ಲಿ ಕಣ್ಣು ನೂಲಿನ ಹುರಿ, ಎಳೆಗಳ ಕಟ್ಟು, ಮೇಲ್ಮೈಯ ನೆರಳು ಇವನ್ನೇ ಹಿಡಿದು ಸಾಗಬೇಕಾಗುವುದರಿಂದ, ಕೈಗೆಲಸದ ನಿಜವಾದ ಗುಣ ಅಲ್ಲಿಯೇ ಸ್ಪಷ್ಟವಾಗಿ ತಿಳಿಯುತ್ತದೆ.

ಮೊದಲು ಕಂಬಳಿಯನ್ನು ನೋಡುವುದು ಲೇಸು. ಮಲೆನಾಡಿನ ಮಳೆಗಾಲದಲ್ಲಿ ರೈತರು ಕೊಪ್ಪೆ ಹಾಕಿಕೊಂಡು, ಎಂದರೆ ತಲೆ ಬೆನ್ನುಗಳನ್ನು ಮುಚ್ಚುವಂತೆ ಮಡಿಸಿ ಹೊದ್ದು, ಗದ್ದೆಗಿಳಿಯುತ್ತಿದ್ದುದು ಬಯಲುಸೀಮೆಯ ಕುರುಬರು ನೇಯ್ದ ಇಂಥ ಕಂಬಳಿಗಳನ್ನೇ. ಚಳ್ಳಕೆರೆ ಈ ನೇಯ್ಗೆಗೆ ಹೆಸರಾದ ಊರು. ದಖ್ಖನಿ ಕುರಿಯ ಕಪ್ಪು ಉಣ್ಣೆಗೆ ಬಣ್ಣ ಬೇಕಿಲ್ಲ. ಆದರೂ ಅದು ಒಂದೇ ಕಪ್ಪಲ್ಲ: ಮರಿಯ ಮೊದಲ ಕತ್ತರಿಯ ಉಣ್ಣೆ ಮೃದುವಾಗಿ ಕಡುಗಪ್ಪಾಗಿದ್ದರೆ, ವಯಸ್ಸಾದ ಕುರಿಯದು ಕಂದಿಗೂ ಬೂದಿಗೂ ತಿರುಗಿರುತ್ತದೆ. ಕೈಯಲ್ಲಿ ನೂತಾಗ ಇವೆಲ್ಲ ಬೆರೆಯುವುದರಿಂದ ಒಂದೇ ಎಳೆಯಲ್ಲಿಯೂ ಛಾಯೆ ಬದಲಾಗುತ್ತದೆ. ಇದನ್ನು ಕಾಣಲು ಕಂಬಳಿಯನ್ನು ಟ್ಯೂಬ್‌ಲೈಟಿನ ಕೆಳಗಲ್ಲದೆ, ಓರೆಯಾಗಿ ಬೀಳುವ ಬೆಳಗಿನ ಬಿಸಿಲಿನಲ್ಲಿ ಹರಡಬೇಕು. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅವುಗಳ ನಡುವೆ ಅಡ್ಡಲಾಗಿ ಹಾಯುವ ಎಳೆ ಹೊಕ್ಕು. ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿದು, ಕುಂಚದಿಂದ ತೀಡಿ ಒಣಗಿಸಿರುವುದರಿಂದ ಹೊಸ ಕಂಬಳಿ ಬಿರುಸಾಗಿಯೇ ಇರುತ್ತದೆ. ಮೈಗೆ ಚುಚ್ಚುವ ಈ ಒರಟುತನವನ್ನು ದೋಷವೆಂದು ಎಣಿಸುವುದು ಅನ್ಯಾಯ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಕೊಂಡೂ ಬೆಚ್ಚಗಿರಬಲ್ಲದು, ಮತ್ತು ಆ ದಪ್ಪ ಮೈ ಹುಟ್ಟಿದ್ದೇ ಮಳೆ ಚಳಿಗಳನ್ನು ತಡೆಯುವುದಕ್ಕೆ.

ಮುಂಡಗೋಡದ ಟಿಬೆಟಿಯನ್ನರ ವಸಾಹತು 1966ರಲ್ಲಿ ನೆಲೆಗೊಂಡಿತು, ಅವರೊಂದಿಗೆ ಅವರ ರತ್ನಗಂಬಳಿಯ ವಿದ್ಯೆಯೂ ಈ ಕಾಡಿನಂಚಿಗೆ ಬಂದಿತು. ಪರ್ಷಿಯನ್ ಪದ್ಧತಿಯಲ್ಲಿ ಗಂಟುಗಳನ್ನು ಒಂದೊಂದಾಗಿ ಹಾಕಿ ಕತ್ತರಿಸಿದರೆ, ಟಿಬೆಟಿಯನ್ ನೇಕಾರರು ಹಾಸಿನ ಮುಂದೆ ಅಡ್ಡಲಾಗಿ ಒಂದು ಸರಳನ್ನಿಟ್ಟು, ಉಣ್ಣೆಯ ನೂಲನ್ನು ಹಾಸಿನ ಎಳೆಗಳಿಗೂ ಸರಳಿಗೂ ಸುತ್ತುತ್ತ ಸಾಗಿ, ಆಮೇಲೆ ಸರಳಿನ ಗುಂಟ ಚಾಕು ಹಾಯಿಸಿ ಕುಣಿಕೆಗಳನ್ನೆಲ್ಲ ಒಮ್ಮೆಗೇ ಸೀಳುತ್ತಾರೆ. ಹೀಗೆ ಎದ್ದ ಉಣ್ಣೆಯ ಜೂಲು ಒಂದು ದಿಕ್ಕಿಗೆ ವಾಲುವುದರಿಂದ ಅದೇ ನೆಲಹಾಸು ಒಂದು ತುದಿಯಿಂದ ತಿಳಿಯಾಗಿಯೂ ಎದುರು ತುದಿಯಿಂದ ಗಾಢವಾಗಿಯೂ ತೋರುತ್ತದೆ. ನೋಡುವವರು ಅದರ ಸುತ್ತ ಒಂದು ಸುತ್ತು ಬರಲೇಬೇಕು. ಡ್ರ್ಯಾಗನ್, ಕಮಲಗಳ ಬಣ್ಣದ ನೆಲಹಾಸುಗಳೇ ಹೆಚ್ಚು ಹೆಸರು ಪಡೆದಿವೆ. ಆದರೆ ದಂತವರ್ಣ, ಬೂದು, ಕಂದುಗಳ ಉಣ್ಣೆಯಲ್ಲಿ ಚಿತ್ರದ ಅಂಚಿನುದ್ದಕ್ಕೂ ಕತ್ತರಿಯಾಡಿಸಿ ಆಕೃತಿಯನ್ನು ತುಸು ಉಬ್ಬಿಸಿದಾಗ, ರೇಖೆಯ ಕೆಲಸವನ್ನು ನೆರಳೇ ಮಾಡುವ ಸೊಗಸು ಬೇರೆಯೇ ಆದದ್ದು.

ಹತ್ತಿಯಲ್ಲಿಯೂ ಹುಟ್ಟು ಬಣ್ಣ ಉಂಟು. ಹಳಿಯಾಳಕ್ಕೆ ಸಮೀಪದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಗಿಡದಲ್ಲೇ ಕಂದಾಗಿ ಅರಳುವ ಹತ್ತಿಯ ತಳಿಗಳ ಮೇಲೆ ಕೆಲಸ ಮಾಡಿದೆ. ಬಣ್ಣ ಹಾಕಿದ ಬಟ್ಟೆ ಒಗೆದಂತೆಲ್ಲ ಮಂಕಾಗುವುದಾದರೆ, ಇಂಥ ಕಂದು ಹತ್ತಿ ಮೊದಮೊದಲ ಒಗೆತಗಳಲ್ಲಿ ಇನ್ನಷ್ಟು ಗಾಢವಾಗುತ್ತದೆ.

ಕ್ರೋಶಾ ಹೆಣಿಗೆಗೆ ಮಗ್ಗ ಬೇಡ, ಹಾಸು ಹೊಕ್ಕುಗಳೂ ಇಲ್ಲ. ಕೊಕ್ಕೆಯಿರುವ ಒಂದು ಕಡ್ಡಿ, ಒಂದೇ ದಾರ. ಕುಣಿಕೆಯೊಳಗಿಂದ ಕುಣಿಕೆ ಎಳೆದು ಸರಪಳಿ ಮಾಡಿ, ಅದರ ಮೇಲೆ ಉದ್ದ ಗಿಡ್ಡದ ಕಂಬಗಳನ್ನು ನಿಲ್ಲಿಸುತ್ತ ಹೋಗುವ ಈ ಕೆಲಸವನ್ನು ಯಂತ್ರಕ್ಕೆ ಇಂದಿಗೂ ಯಥಾವತ್ತಾಗಿ ಒಪ್ಪಿಸಲಾಗಿಲ್ಲ. ಬಿಳಿ ದಾರದ ಹೆಣಿಗೆಯಲ್ಲಿ ನೋಡಬೇಕಾದದ್ದು ದಾರವನ್ನಷ್ಟೇ ಅಲ್ಲ, ದಾರದ ನಡುವಿನ ಕಿಂಡಿಗಳನ್ನು: ಕೈ ಬಿಗಿ ಒಂದೇ ಸಮನಾಗಿದ್ದರೆ ಅವು ಒಂದೇ ಅಳತೆಯಲ್ಲಿ ತೆರೆದುಕೊಳ್ಳುತ್ತವೆ. ದುಂಡನೆಯ ಮೇಜುಹಾಸಿನಲ್ಲಿ ಸುತ್ತು ಸುತ್ತಿಗೂ ಹೊಲಿಗೆಗಳನ್ನು ಲೆಕ್ಕವಿಟ್ಟು ಹೆಚ್ಚಿಸಬೇಕು. ಕಡಿಮೆ ಬಿದ್ದರೆ ಅಂಚು ಬಟ್ಟಲಿನಂತೆ ಮೇಲೇಳುತ್ತದೆ, ಹೆಚ್ಚಾದರೆ ನಿರಿಗೆಗಟ್ಟುತ್ತದೆ. ಗಂಜಿಯೂ ಇಸ್ತ್ರಿಯೂ ಈ ಎರಡು ತಪ್ಪುಗಳನ್ನು ಮರೆಮಾಚಬಲ್ಲವಾದ್ದರಿಂದ, ಹೆಣಿಗೆಯನ್ನು ಒಮ್ಮೆ ನೀರಲ್ಲಿ ತೊಳೆದು, ಎಳೆಯದೆ ಹಾಸಿ ಒಣಗಿಸಿದ ಮೇಲೆಯೇ ಅದರ ಬೆಲೆ ಕಟ್ಟುವುದು ಸರಿ.