ಬ್ಯಾಟರಿಯ ನಿಜ ಸಾಮರ್ಥ್ಯ: ವೋಲ್ಟ್‌ಮೀಟರ್ ಹೇಳದ ಸಂಗತಿ

ಶಿಗ್ಗಾವಿ ತಾಲ್ಲೂಕಿನ ಹುಲಗೂರಿನ ಅಧ್ಯಾಪಕ ಮಿತ್ರರೊಬ್ಬರು ಒಂದು ಸಮಸ್ಯೆಯನ್ನು ಹೊತ್ತು ಬಂದರು. ಅವರ ಶಾಲೆಯ ಇನ್ವರ್ಟರಿಗೆ ಜೋಡಿಸಿದ್ದ 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ ಎರಡೇ ವರ್ಷಕ್ಕೆ ಸೋತಿತ್ತು. ಕರೆಂಟು ಹೋದರೆ ಪ್ರೊಜೆಕ್ಟರ್ ಮತ್ತು ಕಂಪ್ಯೂಟರುಗಳು ಒಂದು ಗಂಟೆ ನಡೆದರೆ ಹೆಚ್ಚು. ಗ್ಯಾರಂಟಿ ಅವಧಿ ಇನ್ನೂ ಇತ್ತು. ಆದರೆ ಪರೀಕ್ಷಿಸಲು ಬಂದವರು ಮಲ್ಟಿಮೀಟರ್ ಹಿಡಿದು, '12.6 ವೋಲ್ಟ್ ಇದೆ, ಬ್ಯಾಟರಿ ಸರಿಯಾಗಿದೆ' ಎಂದು ಬರೆದುಕೊಟ್ಟು ಹೋದರು. ಈ ತೀರ್ಪು ಭೌತವಿಜ್ಞಾನದ ದೃಷ್ಟಿಯಲ್ಲಿ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ಹೊರೆಯಿಲ್ಲದೆ ಕೆಲವು ಗಂಟೆ ಬಿಟ್ಟ ಬ್ಯಾಟರಿಯ ವೋಲ್ಟೇಜು ಅದರೊಳಗಿನ ಆಮ್ಲದ ಪ್ರಬಲತೆಯನ್ನು ಸೂಚಿಸುತ್ತದೆ. ಪೂರ್ಣ ತುಂಬಿದಾಗ ಸುಮಾರು 12.7, ಅರ್ಧ ಖಾಲಿಯಾದಾಗ ಸುಮಾರು 12.2 ವೋಲ್ಟ್. ಅಂದರೆ ಇದ್ದುದರಲ್ಲಿ ಎಷ್ಟು ಭಾಗ ತುಂಬಿದೆ ಎಂಬುದಷ್ಟೇ ತಿಳಿಯುತ್ತದೆ. ಇರುವುದು ಎಷ್ಟು ಎಂಬುದಲ್ಲ. ಹೂಳು ತುಂಬಿದ ಕೆರೆಯನ್ನು ನೆನೆಯಿರಿ. ಮಳೆಗಾಲದಲ್ಲಿ ನೀರು ಕೋಡಿಯವರೆಗೂ ಬರುತ್ತದೆ. ಆದರೆ ತೂಬು ಎತ್ತಿದರೆ ನಾಲ್ಕು ದಿನಕ್ಕೇ ಕೆರೆ ಬರಿದು. ಬ್ಯಾಟರಿಯಲ್ಲಿಯೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂರುತ್ತದೆ; ಕ್ರಿಯಾಶೀಲ ವಸ್ತು ಉದುರಿ ತಳ ಸೇರುತ್ತದೆ. ಉಳಿದಷ್ಟು ಭಾಗ ಪೂರ್ಣ ತುಂಬಿದರೆ ಮೀಟರ್ 12.6 ತೋರಿಸಿಯೇ ತೋರಿಸುತ್ತದೆ.

ಹೈಡ್ರೋಮೀಟರ್ ಅಳೆಯುವುದೂ ಆಮ್ಲದ ಸಾಂದ್ರತೆಯನ್ನೇ. ಆದ್ದರಿಂದ ಅದರ ಮಿತಿಯೂ ಇದೇ. ಕ್ಷಣಾರ್ಧದಲ್ಲಿ ಉತ್ತರ ಕೊಡುವ ಡಿಜಿಟಲ್ ಪರೀಕ್ಷಕಗಳು ಬ್ಯಾಟರಿಯ ಆಂತರಿಕ ವಾಹಕತೆಯನ್ನು ಅಳೆಯುತ್ತವೆ. ವಾಹನದ ಎಂಜಿನ್ ಚಾಲೂ ಮಾಡುವ ಬ್ಯಾಟರಿಗೆ ಅದು ಉಪಯುಕ್ತ. ಗಂಟೆಗಟ್ಟಲೆ ವಿದ್ಯುತ್ ಕೊಡಬೇಕಾದ ಬ್ಯಾಟರಿಯ ಸಂಗ್ರಹಕ್ಕೆ ಅದು ಪರೋಕ್ಷ ಸೂಚನೆ ಮಾತ್ರ.

ಇನ್ನು ಹೆಸರುಫಲಕದ 150 ಎಂಬ ಅಂಕಿ. ಇನ್ವರ್ಟರ್ ಬ್ಯಾಟರಿಗಳ ಮೇಲೆ ಇದರ ಪಕ್ಕದಲ್ಲಿ ಸಾಮಾನ್ಯವಾಗಿ 'ಸಿ20' ಎಂದಿರುತ್ತದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 7.5 ಆಂಪಿಯರ್‌ನಂತೆ 20 ಗಂಟೆ ಪ್ರವಾಹ ಪಡೆದಾಗ, ವೋಲ್ಟೇಜು 10.5ಕ್ಕೆ ಇಳಿಯುವವರೆಗೆ ದೊರೆಯುವ ಮೊತ್ತ ಅದು. ಹೆಚ್ಚು ಪ್ರವಾಹ ಎಳೆದಷ್ಟೂ ದೊರೆಯುವ ಮೊತ್ತ ಕಡಿಮೆಯಾಗುತ್ತದೆ. ಈ ಸಂಬಂಧವನ್ನು ಜರ್ಮನಿಯ ಪಾಯ್ಕರ್ಟ್ 1897ರಲ್ಲಿ ಸೂತ್ರರೂಪದಲ್ಲಿ ಕೊಟ್ಟನು. ಶಾಲೆಯ ಇನ್ವರ್ಟರ್ ಎಳೆಯುತ್ತಿದ್ದುದು ಸುಮಾರು 40 ಆಂಪಿಯರ್. ಬರಿಯ ಭಾಗಾಕಾರದಿಂದ 150 ಅನ್ನು 40ರಿಂದ ಭಾಗಿಸಿದರೆ 3 ಗಂಟೆ 45 ನಿಮಿಷ. ಪಾಯ್ಕರ್ಟ್ ಘಾತಾಂಕವನ್ನು 1.2 ಎಂದಿಟ್ಟುಕೊಂಡರೆ ಹೊಸ ಬ್ಯಾಟರಿಯೂ ಸುಮಾರು 2 ಗಂಟೆ 40 ನಿಮಿಷ ಮಾತ್ರ ಬಾಳುತ್ತದೆ. ಷರತ್ತುಗಳನ್ನು ಬಿಟ್ಟು ಅಂಕಿಯನ್ನಷ್ಟೇ ಹೇಳುವ ಮಾರಾಟಗಾರರ ಮಾತೂ ಅರ್ಧಸತ್ಯವೇ.

ಹಾಗಾದರೆ ಅಳೆಯುವುದು ಹೇಗೆ? ಪ್ರವಾಹವನ್ನು ಕಾಲದಿಂದ ಗುಣಿಸಬೇಕು, ಬೇರೆ ಅಡ್ಡದಾರಿಯಿಲ್ಲ. ಪೂರ್ಣ ಚಾರ್ಜ್ ಮಾಡಿ ವಿಶ್ರಾಂತಿ ಕೊಟ್ಟ ಬ್ಯಾಟರಿಗೆ, ಫ್ಯೂಸ್ ಮತ್ತು ಆಮ್ಮೀಟರ್ ಮೂಲಕ, ವಾಹನಗಳ 21 ವಾಟ್‌ನ ನಾಲ್ಕು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದೆವು. ಅರ್ಧ ಗಂಟೆಗೊಮ್ಮೆ ಪ್ರವಾಹವನ್ನೂ ವೋಲ್ಟೇಜನ್ನೂ ವಿದ್ಯಾರ್ಥಿಗಳು ಬರೆದುಕೊಂಡರು. 9 ಗಂಟೆಗೆ ವೋಲ್ಟೇಜು 10.5 ಮುಟ್ಟಿತು. ಸರಾಸರಿ ಪ್ರವಾಹ 6.9 ಆಂಪಿಯರ್, ಮೊತ್ತ 62 ಆಂಪಿಯರ್-ಗಂಟೆ. ಇದು ಹೆಸರುಫಲಕದ ಶೇ. 41ರಷ್ಟು. ಶೇ. 80ಕ್ಕಿಂತ ಕೆಳಗಿಳಿದ ಬ್ಯಾಟರಿಯ ಆಯುಷ್ಯ ಮುಗಿದಂತೆ ಎಂಬುದು ರೂಢಿಯ ಲೆಕ್ಕ. ಈ ಪಟ್ಟಿಯನ್ನು ಮುಂದಿಟ್ಟ ಮೇಲೆ ಬ್ಯಾಟರಿಯನ್ನು ಬದಲಿಸಿಕೊಟ್ಟರು.

ಈ ವಿಧಾನಕ್ಕೂ ಕೊರತೆಗಳಿವೆ. ಒಂದು ದಿನವೇ ಬೇಕು. ಆಳವಾದ ಪ್ರತಿ ವಿಸರ್ಜನೆಯೂ ಬ್ಯಾಟರಿಯ ಆಯುಷ್ಯವನ್ನು ಅಷ್ಟಿಷ್ಟು ತಿನ್ನುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಸಾಕು, ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜ್ ಮಾಡಲೇಬೇಕು. ಚಾರ್ಜಾಗುವಾಗ ಹೈಡ್ರೋಜನ್ ಹೊರಬರುವುದರಿಂದ ಕೊಠಡಿಯಲ್ಲಿ ಗಾಳಿಯಾಡುತ್ತಿರಬೇಕು, ಕಿಡಿ ಹತ್ತಿರ ಸುಳಿಯಬಾರದು. ಚಳಿಯಲ್ಲಿ ಸಾಮರ್ಥ್ಯ ಕಡಿಮೆಯಾಗುವುದರಿಂದ ಉಷ್ಣತೆಯನ್ನೂ ದಾಖಲಿಸಬೇಕು. ಮಲಗುವ, ಅಡುಗೆ ಮಾಡುವ ಸೌಕರ್ಯವುಳ್ಳ ಕ್ಯಾರವಾನ್ ವಾಹನಗಳಲ್ಲಿ ಈಗ ಬಳಕೆಯಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಿಗಂತೂ ಎಣಿಕೆಯೇ ಗತಿ. ಬಹುಪಾಲು ಖಾಲಿಯಾಗುವವರೆಗೂ ಅವುಗಳ ವೋಲ್ಟೇಜು 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಅಲ್ಲಿ ಶೇಕಡಾವಾರು ತೋರಿಸುವ ಎಣಿಕೆಯಂತ್ರಗಳೂ ಬಳಕೆದಾರ ತುಂಬಿದ ಸಾಮರ್ಥ್ಯದ ಅಂಕಿಯನ್ನೇ ಆಧರಿಸುತ್ತವೆ. ಅಂಕಿ ತಪ್ಪಿದ್ದರೆ ಶೇಕಡವೂ ತಪ್ಪು.

ಕೊನೆಯದಾಗಿ, ತಪ್ಪಿನಲ್ಲಿ ನಮ್ಮ ಪಾಲೂ ಇದೆ. ದಶಕಗಳ ಕಾಲ ನಾವು ಪ್ರಯೋಗಶಾಲೆಯಲ್ಲಿ ಪೊಟೆನ್ಷಿಯೋಮೀಟರಿನಿಂದ ಕೋಶದ ವಿದ್ಯುಚ್ಚಾಲಕ ಬಲ ಅಳೆಸಿದೆವು, ಆಂತರಿಕ ರೋಧ ಅಳೆಸಿದೆವು. ಕೋಶದಲ್ಲಿ ಎಷ್ಟು ಆವೇಶ ಉಳಿದಿದೆ ಎಂದು ಎಷ್ಟು ಮಂದಿ ಅಳೆಸಿದೆವು? ಪಾರಿಭಾಷಿಕ ಪದವೂ ತೊಡಕಿನದೇ: ಕನ್ನಡ ಪಠ್ಯಗಳಲ್ಲಿ ವಾಟ್‌ನಲ್ಲಿ ಅಳೆಯುವುದೂ 'ಸಾಮರ್ಥ್ಯ', ಬ್ಯಾಟರಿಯ ಆಂಪಿಯರ್-ಗಂಟೆಯೂ 'ಸಾಮರ್ಥ್ಯ'. ನಾಲ್ಕು ಬಲ್ಬು, ಒಂದು ಆಮ್ಮೀಟರ್, ಒಂದು ಗಡಿಯಾರ ಯಾವ ಪ್ರೌಢಶಾಲೆಗೂ ಭಾರವಲ್ಲ. ಪ್ರವಾಹ-ಕಾಲ ನಕ್ಷೆಯ ಕೆಳಗಿನ ಕ್ಷೇತ್ರಫಲವೇ ಆವೇಶ ಎಂಬುದನ್ನು ಕಪ್ಪುಹಲಗೆಗಿಂತ ಚೆನ್ನಾಗಿ ಈ ಪ್ರಯೋಗ ಕಲಿಸುತ್ತದೆ. ಒಮ್ಮೆ ಹೀಗೆ ಎಣಿಸಿದ ವಿದ್ಯಾರ್ಥಿ ಬರಿಯ 12.6 ವೋಲ್ಟನ್ನು ನಂಬಿ ಮೋಸಹೋಗಲಾರ.